'ಎ-ಎಲ್' ಓಣಿಯ ನೆರೆಹೊರೆಯವರು



ನೀವು ಮುಂಬಯಿಯಲ್ಲಿರಿ, ಪುಣೆಯಲ್ಲಿರಿ, ಚೆನ್ನೈ, ಹೈದರಾಬಾದ್ ಅಥವಾ ದೆಹಲಿಯಲ್ಲಿರಿ, ನಿಮ್ಮ ಕಟ್ಟಡದ ಕೆಳಗೆ ಲಿಫ್ಟಿನ ಪಕ್ಕದಲ್ಲಿ ಹೆಸರುಗಳ ಫಲಕವೊಂದು ಇದ್ದೇ ಇರುತ್ತದೆ. ಮೂರನೆಯ ಮಹಡಿಯಲ್ಲಿ ಒಬ್ಬ ಗುಜರಾತಿ ವ್ಯಾಪಾರಿ, ಪಕ್ಕದಲ್ಲಿ ಕೇರಳದಿಂದ ಬಂದ ನರ್ಸ್ ಒಬ್ಬರ ಸಂಸಾರ, ಎದುರಿಗೆ ಹುಬ್ಬಳ್ಳಿ ಕಡೆಯ ನಿವೃತ್ತ ಬ್ಯಾಂಕ್ ನೌಕರರು. ಇವರಲ್ಲಿ ಯಾರೂ ಯಾರನ್ನೂ ಆರಿಸಿಕೊಂಡು ನೆರೆಯವರಾದದ್ದಲ್ಲ. ಮನೆ ಖಾಲಿ ಇತ್ತು, ಬಂದರು, ಅಷ್ಟೆ. ಆದರೂ ಒಬ್ಬೊಬ್ಬರ ಬಾಗಿಲು ತಟ್ಟಿ ಕೂತು ಮಾತಾಡಿಸಿದರೆ ಒಂದೊಂದು ಊರಿನ ಕಥೆ ಹೊರಬರುತ್ತದೆ.

ಇಂಗ್ಲಿಷ್ ನಿಘಂಟಿನ ಪುಟವೂ ಹೀಗೆಯೇ ಎಂದು ನನಗೆ ಹೊಳೆದದ್ದು ಮೊಮ್ಮಗಳಿಂದ. ಶಾಲೆಗೆ ರಜೆ ಎಂದು ಬಂದಿದ್ದವಳು 'ಆಲ್ಜೀಬ್ರ' ಎಂಬ ಪದವನ್ನು ಹುಡುಕಲು ನನ್ನ ಹಳೆಯ ನಿಘಂಟನ್ನು ಅಲಮಾರಿನಿಂದ ಇಳಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ಅಜ್ಜಾ, ಲೆಕ್ಕದ ಹತ್ತಿರಾನೇ ಹೆಂಡ ಯಾಕೆ ಇಟ್ಟಿದಾರೆ?" ಎಂದು ಕೇಳಿದಳು. ನೋಡಿದರೆ ಹೌದು. ಮೇಲೆ 'ಆಲ್ಕೊಹಾಲ್', ಕೆಲವೇ ಪದಗಳ ಕೆಳಗೆ 'ಆಲ್ಜೀಬ್ರ'. "ಎರಡೂ ಎ, ಎಲ್ ಅಕ್ಷರಗಳಿಂದ ಶುರುವಾಗುತ್ತವಲ್ಲ ಮರೀ, ಅದಕ್ಕೆ" ಎಂದೆ. "ಅಷ್ಟೇನಾ?" ಎಂದಳು. ಅವಳಿಗೆ ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಹಾಗಾಗಿ ಬನ್ನಿ, ಇವತ್ತು ನೀವೂ ನಾನೂ ಈ 'ಎ-ಎಲ್' ಓಣಿಯಲ್ಲಿ ಒಂದು ಸುತ್ತು ಹಾಕಿ ಬರೋಣ. ಯಾರ್‍ಯಾರು ಇಲ್ಲಿ ವಾಸವಾಗಿದ್ದಾರೆ, ಇವರನ್ನೆಲ್ಲ ಹೀಗೆ ಅಕ್ಷರದ ಲೆಕ್ಕದಲ್ಲಿ ಒಟ್ಟಿಗೆ ಕೂರಿಸಿದವರು ಯಾರು, ಅದರಿಂದ ನಮಗೇನು ಲಾಭ ಎಂದು ನೋಡೋಣ.

ಅರಬ್ಬೀ ಮನೆತನ

ಓಣಿಯ ಮೊದಲ ಸಾಲಿನಲ್ಲೇ ಒಂದು ದೊಡ್ಡ ಮನೆತನವಿದೆ. ಅರಬ್ಬಿಯಲ್ಲಿ 'ಅಲ್' ಎಂದರೆ ಇಂಗ್ಲಿಷಿನ 'ದಿ' ಇದ್ದ ಹಾಗೆ, ನಾಮಪದದ ಹಿಂದೆ ಸೇರಿಕೊಳ್ಳುವ ಒಂದು ಪುಟ್ಟ ಪದ. ಕ್ರಿ.ಶ. 711ರಿಂದ 1492ರವರೆಗೆ ಸ್ಪೇನ್ ದೇಶದ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಅರಸರ ಆಳ್ವಿಕೆ ಇತ್ತು. ಅರಬ್ಬಿಯಲ್ಲಿದ್ದ ಗಣಿತ, ವೈದ್ಯ, ರಸಾಯನದ ವಿದ್ಯೆಗಳು ಹೆಚ್ಚಾಗಿ ಅಲ್ಲಿಂದಲೇ ಯೂರೋಪಿಗೆ ಹರಿದವು. ಪದಗಳನ್ನು ಎರವಲು ಪಡೆದವರಿಗೆ 'ಅಲ್' ಬೇರೆ, ಪದ ಬೇರೆ ಎಂಬುದು ಗೊತ್ತಾಗಲಿಲ್ಲ. ಎರಡನ್ನೂ ಸೇರಿಸಿಯೇ ಮನೆಗೆ ಒಯ್ದರು.

ಆಲ್ಕೊಹಾಲನ್ನೇ ತೆಗೆದುಕೊಳ್ಳಿ. ಇದು ಮೂಲದಲ್ಲಿ 'ಅಲ್ ಕುಹ್ಲ್'. ಕಣ್ಣಿಗೆ ಹಚ್ಚಿಕೊಳ್ಳುವ ಸುರುಮದ ನುಣ್ಣನೆಯ ಪುಡಿ. ಹೆಂಗಸರ ಕಣ್ಣಿನ ಅಲಂಕಾರಕ್ಕೂ ಗಂಡಸರ ಗಡಂಗಿಗೂ ಏನು ಸಂಬಂಧ ಎನ್ನುತ್ತೀರಾ? ಪುಡಿಯನ್ನು ಅರೆದು ಅರೆದು ಅತಿ ಸೂಕ್ಷ್ಮ ಮಾಡುತ್ತಿದ್ದರು. ಕ್ರಮೇಣ ಯಾವುದೇ ವಸ್ತುವಿನ ಅತಿ ಶುದ್ಧ ಸಾರಕ್ಕೆ ಆ ಹೆಸರಾಯಿತು. ದ್ರಾಕ್ಷಾರಸವನ್ನು ಬಟ್ಟಿ ಇಳಿಸಿದಾಗ ಬರುವ ಸಾರ 'ದ್ರಾಕ್ಷಾರಸದ ಆಲ್ಕೊಹಾಲ್' ಆಯಿತು. ಕೊನೆಗೆ ದ್ರಾಕ್ಷಾರಸ ಬಿದ್ದುಹೋಗಿ ಆಲ್ಕೊಹಾಲ್ ಮಾತ್ರ ಉಳಿಯಿತು. 1755ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಇದಕ್ಕೆ ಅರ್ಥ ಬರೆಯುವಾಗ ಬಟ್ಟಿ ಇಳಿಸಿದ ಸಾರವನ್ನೂ ಹೇಳಿದ್ದಾನೆ, ಕೈಗೆ ಸಿಕ್ಕದಷ್ಟು ನುಣುಪಾದ ಪುಡಿಯನ್ನೂ ಹೇಳಿದ್ದಾನೆ. ಇವತ್ತಿನ ಅರ್ಥ ಗಟ್ಟಿಯಾಗಿ ನಿಂತದ್ದು ಹೀಗೆ ತಡವಾಗಿ.

ಇನ್ನು ಆಲ್ಜೀಬ್ರ. ಮಧ್ಯ ಏಷ್ಯಾದ ಖ್ವಾರಿಜ್ಮ್ ಪ್ರದೇಶದ ಹೆಸರು ಹೊತ್ತ ಅಲ್ ಖ್ವಾರಿಜ್ಮಿ ಎಂಬ ವಿದ್ವಾಂಸ, 9ನೆಯ ಶತಮಾನದ ಮೊದಲ ಭಾಗದಲ್ಲಿ, ಖಲೀಫ ಅಲ್ ಮಾಮೂನನ ಕಾಲದ ಬಾಗ್ದಾದಿನಲ್ಲಿ ಒಂದು ಗಣಿತ ಗ್ರಂಥ ಬರೆದ. ಅದರ ಹೆಸರಿನಲ್ಲಿದ್ದ 'ಅಲ್ ಜಬ್ರ್' ಎಂಬ ಪದಕ್ಕೆ ಮುರಿದದ್ದನ್ನು ಮತ್ತೆ ಜೋಡಿಸುವುದು ಎಂದು ಅರ್ಥ. ಸಮೀಕರಣದ ಒಂದು ಬದಿಯಲ್ಲಿ ಕೊರತೆಯಾಗಿರುವುದನ್ನು ತುಂಬಿ ಸರಿಪಡಿಸುವ ಕ್ರಮಕ್ಕೆ ಆತ ಆ ಹೆಸರಿಟ್ಟ. ತಮಾಷೆ ಎಂದರೆ, ಇದೇ ಪದ ಸ್ಪೇನಿನಲ್ಲಿ ಮುರಿದ ಮೂಳೆ ಕೂರಿಸುವ ವಿದ್ಯೆಗೂ ಬಳಕೆಯಲ್ಲಿತ್ತು. ಸೆರ್ವಾಂಟಿಸನ 'ಡಾನ್ ಕ್ವಿಕ್ಸೋಟ್' ಕಾದಂಬರಿಯ 1615ರ ಎರಡನೆಯ ಭಾಗದಲ್ಲಿ ಪೆಟ್ಟು ತಿಂದವನೊಬ್ಬ 'ಆಲ್ಜೀಬ್ರಿಸ್ಟ'ನ ಹತ್ತಿರ ಹೋಗುತ್ತಾನೆ. ಲೆಕ್ಕ ಕಲಿಯಲಿಕ್ಕಲ್ಲ, ಮೈ ಮೂಳೆ ಸರಿಮಾಡಿಸಿಕೊಳ್ಳಲಿಕ್ಕೆ! ಬೀಜಗಣಿತದಲ್ಲಿ ಕಡಿಮೆ ಅಂಕ ಬಂದ ಮಕ್ಕಳಿಗೆ ಇದನ್ನು ಹೇಳಿ ನೋಡಿ. ಆ ವಿಷಯ ಮೂಳೆ ಮುರಿಯುವುದಲ್ಲ, ಕೂರಿಸುವುದು ಎಂದು ಧೈರ್ಯ ಬರಬಹುದು.

ಅದೇ ಅಲ್ ಖ್ವಾರಿಜ್ಮಿಯ ಹೆಸರೇ ಪಕ್ಕದ ಮನೆಯಲ್ಲಿ 'ಆಲ್ಗರಿದಂ' ಆಗಿ ಕುಳಿತಿದೆ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನವನ್ನು ಕುರಿತೂ ಆತ ಒಂದು ಪುಸ್ತಕ ಬರೆದಿದ್ದ. 12ನೆಯ ಶತಮಾನದಲ್ಲಿ ಅದು ಲ್ಯಾಟಿನ್ನಿಗೆ ಬಂದಾಗ ಆತನ ಹೆಸರು 'ಆಲ್ಗೊರಿತ್ಮಿ' ಎಂದಾಯಿತು. ಮನುಷ್ಯನ ಹೆಸರು ಲೆಕ್ಕದ ವಿಧಾನದ ಹೆಸರಾಯಿತು. ಇಂದು ನಿಮ್ಮ ಮೊಬೈಲಿನಲ್ಲಿ ಯಾವ ಹಾಡು ಮೊದಲು ಬರಬೇಕು, ಯಾವ ಸುದ್ದಿ ಆಮೇಲೆ ಬರಬೇಕು ಎಂದು ತೀರ್ಮಾನಿಸುವ ವ್ಯವಸ್ಥೆಗೂ ಅದೇ ಹೆಸರು. ಅಂಕಿಗಳು ನಮ್ಮ ದೇಶದಿಂದ ಹೊರಟವು, ಬಾಗ್ದಾದಿನಲ್ಲಿ ತಂಗಿದವು, ಬೇರೆ ಹೆಸರಿನಲ್ಲಿ ನಮ್ಮ ಜೇಬಿಗೇ ವಾಪಸು ಬಂದವು.

ಪಾತ್ರೆ ತೊಳೆಯಲು ಬೂದಿ ಬಳಸುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಕ್ಷಾರಕ್ಕೆ ಇಂಗ್ಲಿಷಿನಲ್ಲಿ 'ಆಲ್ಕಲಿ' ಎನ್ನುತ್ತಾರಲ್ಲ, ಅದು 'ಅಲ್ ಕಲೀ'. ಉಪ್ಪುನೆಲದಲ್ಲಿ ಬೆಳೆಯುವ ಗಿಡವನ್ನು ಸುಟ್ಟ ಬೂದಿ. ಪೊಟ್ಯಾಸಿಯಂ ಎಂಬ ಧಾತುವಿಗೆ 'ಕೆ' ಎಂದೇಕೆ ಸಂಕೇತ ಎಂದು ಶಾಲೆಯಲ್ಲಿ ತಲೆ ಕೆರೆದುಕೊಂಡಿದ್ದೀರಾ? ಆ ಬೂದಿಯಿಂದ ಬಂದ 'ಕೇಲಿಯಂ' ಎಂಬ ಲ್ಯಾಟಿನ್ ಹೆಸರೇ ಕಾರಣ.

ಹೀಗೆ ನೋಡಿದರೆ ಮೊಮ್ಮಗಳ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಹೆಂಡವೂ ಲೆಕ್ಕವೂ ದೂರದ ದಾಯಾದಿಗಳೇ ಸರಿ.

ವೇಷ ಹಾಕಿಕೊಂಡವರು

ಆದರೆ 'ಎ-ಎಲ್' ಇದ್ದವರೆಲ್ಲ ಅರಬ್ಬಿಯವರು ಎಂದುಕೊಂಡರೆ ಮೋಸಹೋಗುತ್ತೀರಿ. ಮೊಸಳೆಯ ಜಾತಿಗೆ ಸೇರಿದ 'ಆಲಿಗೇಟರ್' ಇದೆಯಲ್ಲ, ಅದು ಸ್ಪ್ಯಾನಿಷಿನ 'ಎಲ್ ಲಗಾರ್ತೊ'. ಎಂದರೆ, ಆ ಹಲ್ಲಿ. ಅಮೆರಿಕದ ನದಿಗಳಲ್ಲಿ ಆ ಪ್ರಾಣಿಯನ್ನು ಕಂಡ ಸ್ಪೇನಿನವರು ಹಲ್ಲಿ ಎಂದರು, ಅದನ್ನು ಕೇಳಿಸಿಕೊಂಡ ಇಂಗ್ಲಿಷರು ಆಲಿಗೇಟರ್ ಎಂದರು. ಬೆಳಗ್ಗೆ ನಿಮ್ಮನ್ನು ಎಬ್ಬಿಸುವ 'ಅಲಾರಂ' ಇಟಲಿಯ ರಣಭೂಮಿಯಿಂದ ಬಂದದ್ದು. ಆಯುಧ ಹಿಡಿಯಿರಿ ಎಂಬ ಕೂಗು. ಲೋಕಲ್ ಟ್ರೈನ್ ಹಿಡಿಯುವವರಿಗೆ ಆ ಮೂಲಾರ್ಥ ಇವತ್ತಿಗೂ ಸುಳ್ಳಲ್ಲ ಎನ್ನಿ.

'ಅಲೋನ್', ಎಂದರೆ ಒಂಟಿ, ಇದು ಅಚ್ಚ ಇಂಗ್ಲಿಷ್ ಪದ. 'ಆಲ್' ಮತ್ತು 'ವನ್' ಸೇರಿ ಆದದ್ದು. ಪೂರ್ತಿ ಒಬ್ಬನೇ ಎಂದು. ಜನ ಮುಂದೆ ಅದರ ತಲೆಯನ್ನು ಕತ್ತರಿಸಿ 'ಲೋನ್' ಎಂಬ ಇನ್ನೊಂದು ಪದ ಮಾಡಿಕೊಂಡರು. ಅದರಿಂದ 'ಲೋನ್ಲಿ' ಬಂತು. 'ಅಲ್ಯುಮಿನಿಯಂ' ಲ್ಯಾಟಿನ್ ಮೂಲದ್ದು; ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಪಟಿಕದ ಲ್ಯಾಟಿನ್ ಹೆಸರಿನಿಂದ ಹುಟ್ಟಿದ್ದು. ಇಂಗ್ಲೆಂಡಿನ ಹಂಫ್ರಿ ಡೇವಿ 1808ರಲ್ಲಿ ಅದಕ್ಕೆ 'ಅಲ್ಯುಮಿಯಂ' ಎಂದ, 1812ರಲ್ಲಿ 'ಅಲ್ಯುಮಿನಂ' ಎಂದ. ಕೊನೆಗೆ ಅಮೆರಿಕದವರು ಒಂದು ಹೆಸರನ್ನು, ಇಂಗ್ಲೆಂಡಿನವರು ಇನ್ನೊಂದನ್ನು ಇಟ್ಟುಕೊಂಡರು.

ಮತ್ತೆ ನಮ್ಮ ಮನೆಯ ಅಲಮಾರು! ಇಂಗ್ಲಿಷ್ ನಿಘಂಟಿನಲ್ಲಿ 'ಅಲ್ಮೈರಾ' ಎಂಬ ಪದ ನೋಡಿದರೆ, ಭಾರತದಲ್ಲಿ ಬಳಕೆಯಲ್ಲಿರುವ ಪದ ಎಂಬ ವಿವರಣೆ ಸಿಗುತ್ತದೆ. ಆದರೆ ಅದು ಭಾರತದಲ್ಲಿ ಹುಟ್ಟಿದ್ದಲ್ಲ. ಲ್ಯಾಟಿನ್ನಿನಲ್ಲಿ ಆಯುಧ, ಸಲಕರಣೆ ಇಡುವ ಪೆಟ್ಟಿಗೆಗಿದ್ದ ಹೆಸರು ಪೋರ್ಚುಗೀಸರಲ್ಲಿ 'ಅರ್ಮಾರಿಯೊ' ಆಗಿ, ಅವರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ಇಳಿಯಿತು. ಚಾವಿ, ಬಟಾಟೆ, ಪಗಾರ ಇವೆಲ್ಲ ಹಾಗೇ ಬಂದವು. ಹೀಗೆ ನಮ್ಮ ಭಾಷೆಗಳಿಗೆ ಬಂದ ಅಲಮಾರನ್ನು ಇಂಗ್ಲಿಷರು ನಮ್ಮಿಂದ ತೆಗೆದುಕೊಂಡರು.

ಓಣಿಯ ಕೊನೆಯಲ್ಲಿ 'ಆಲ್ಫಬೆಟ್' ಇದೆ, ಅಕ್ಷರಮಾಲೆ. ಗ್ರೀಕರ ಮೊದಲ ಎರಡು ಅಕ್ಷರಗಳು ಆಲ್ಫಾ, ಬೀಟಾ. ಅವುಗಳನ್ನು ಗ್ರೀಕರಿಗೆ ಕೊಟ್ಟವರು ಮೆಡಿಟರೇನಿಯನ್ ಕಡಲ ತೀರದ ಫಿನೀಷಿಯದ ವ್ಯಾಪಾರಿಗಳು. ಅವರ ನುಡಿಯಲ್ಲಿ 'ಆಲೆಫ್' ಎಂದರೆ ಎತ್ತು, 'ಬೇತ್' ಎಂದರೆ ಮನೆ. ಇಂಗ್ಲಿಷಿನ ಎ ಅಕ್ಷರವನ್ನು ತಲೆಕೆಳಗೆ ಮಾಡಿ ನೋಡಿ. ಎತ್ತಿನ ಮುಖ, ಎರಡು ಕೊಂಬು ಈಗಲೂ ಕಾಣುತ್ತವೆ. ಎತ್ತಿನ ಮುಂದೆ ಮನೆ ಏಕೆ, ಮನೆಯ ಮುಂದೆ ಒಂಟೆ ಏಕೆ ಎಂದು ಕೇಳಿದರೆ ಉತ್ತರವಿಲ್ಲ. ಮೂರು ಸಾವಿರ ವರ್ಷಗಳಿಂದ ಅದು ಹಾಗೇ ನಡೆದುಬಂದಿದೆ.

ದೇವರು ಮೊದಲೋ, ಅಕ್ಷರ ಮೊದಲೋ?

ಈಗ ಮೊಮ್ಮಗಳ ಪ್ರಶ್ನೆಯ ಉಳಿದರ್ಧ. ಅರ್ಥದ ಸಂಬಂಧವಿಲ್ಲದ ಪದಗಳನ್ನು ಮೊದಲಕ್ಷರ ನೋಡಿ ಒಟ್ಟಿಗೆ ಕೂರಿಸಬೇಕೆಂದು ಹೇಳಿದವರು ಯಾರು? ಇವತ್ತು ನಮಗೆ ಇದು ನೀರು ಕುಡಿದಷ್ಟು ಸಹಜ. ಆದರೆ ಹಳೆಯ ವಿದ್ವಾಂಸರಿಗೆ ಇದು ಅಸಂಬದ್ಧವಾಗಿ ಕಾಣುತ್ತಿತ್ತು.

ನಮ್ಮ ಅಮರಕೋಶವನ್ನೇ ನೋಡಿ. ಅದು ಸ್ವರ್ಗದಿಂದ ಆರಂಭವಾಗುತ್ತದೆ. ದೇವತೆಗಳ ಹೆಸರುಗಳು, ಆಮೇಲೆ ಆಕಾಶ, ಕಾಲ, ಭೂಮಿ, ಪಟ್ಟಣ, ಬೆಟ್ಟ, ಗಿಡಮರ, ಮನುಷ್ಯ ಹೀಗೆ ವರ್ಗ ವರ್ಗವಾಗಿ ಶ್ಲೋಕದಲ್ಲಿ ಸಾಗುತ್ತದೆ. ಕನ್ನಡದಲ್ಲಿ 10ನೆಯ ಶತಮಾನದ ರನ್ನನ ಹೆಸರಿನಲ್ಲಿರುವ 'ರನ್ನಕಂದ', 1398ರ ಅಭಿನವ ಮಂಗರಾಜನ ನಿಘಂಟು ಇವೂ ಪದ್ಯರೂಪದವೇ. ಅತ್ತ ಇಂಗ್ಲೆಂಡಿನಲ್ಲಿ ಕ್ರಿ.ಶ. 1000ದ ಸುಮಾರಿಗೆ ಎಲ್ಫ್ರಿಕ್ ಎಂಬ ಪಾದ್ರಿ ಮಠದ ಹುಡುಗರಿಗಾಗಿ ಲ್ಯಾಟಿನ್ ಪದಗಳ ಪಟ್ಟಿ ಮಾಡಿದಾಗಲೂ ಸರ್ವಶಕ್ತ ದೇವರಿಂದಲೇ ಆರಂಭಿಸಿ ಮನುಷ್ಯರು, ಪಕ್ಷಿ, ಮೀನುಗಳ ಕಡೆ ಇಳಿದ. ಒಬ್ಬರನ್ನೊಬ್ಬರು ಕಾಣದ ಇವರಿಬ್ಬರ ಮನಸ್ಸಿನಲ್ಲಿದ್ದ ಚಿತ್ರ ಒಂದೇ. ಲೋಕದಲ್ಲಿ ಮೇಲು ಕೆಳಗು ಎಂಬುದಿದೆ. ಪದಗಳೂ ಅದೇ ಕ್ರಮದಲ್ಲಿ ನಿಲ್ಲಬೇಕು.

ಅಕ್ಷರಕ್ರಮಕ್ಕೆ ಈ ಮರ್ಯಾದೆಯೇ ಗೊತ್ತಿಲ್ಲ. ನಮ್ಮ 'ಎ-ಎಲ್' ಓಣಿಯಲ್ಲೇ ಸರ್ವಶಕ್ತನನ್ನು ಹೇಳುವ 'ಆಲ್ಮೈಟಿ' ಎಂಬ ಪದ ಎಲ್ಲಿದೆ ಗೊತ್ತೇ? ಪಂಚಾಂಗದ 'ಆಲ್ಮನಾಕ್' ಆದ ಮೇಲೆ, ಅಲಮಾರಿನ ಸ್ವಲ್ಪ ಮುಂಚೆ. ಅವನಿಗಿಂತ ಎಷ್ಟೋ ಮೊದಲೇ ಆಲ್ಕೊಹಾಲ್ ಬಂದು ಕುಳಿತಿರುತ್ತದೆ! ದೇವರನ್ನು ಹೀಗೆ ಸರತಿಯ ಸಾಲಿನಲ್ಲಿ ನಿಲ್ಲಿಸುವುದು ಆ ಕಾಲದವರಿಗೆ ರುಚಿಸದಿದ್ದರೆ ಆಶ್ಚರ್ಯವಿಲ್ಲ.

ಜೊತೆಗೆ ಅದು ಸುಲಭದ ಕೆಲಸವೂ ಆಗಿರಲಿಲ್ಲ. ಮೊದಮೊದಲಿಗೆ ಬರೆದ ಪಟ್ಟಿಗಳಲ್ಲಿ ಎ ಇಂದ ಶುರುವಾಗುವ ಎಲ್ಲ ಪದಗಳನ್ನೂ ಒಂದೇ ರಾಶಿಗೆ ಹಾಕಿ ಬಿಟ್ಟುಬಿಡುತ್ತಿದ್ದರು. ಆಮೇಲೆ ಎರಡನೆಯ ಅಕ್ಷರವನ್ನೂ ನೋಡುವ ಪದ್ಧತಿ ಬಂತು. ಪದದ ಕೊನೆಯವರೆಗೂ ಅಕ್ಷರ ನೋಡಿ ಜೋಡಿಸಬೇಕಾದರೆ ಸಾವಿರಾರು ಪದಗಳನ್ನು ಮತ್ತೆ ಮತ್ತೆ ನಕಲು ಮಾಡಬೇಕು. ಬರೆಯುವುದು ಚರ್ಮದ ಹಾಳೆಯ ಮೇಲೆ. 1286ರಲ್ಲಿ ಜಿನೋವಾದ ಬಾಲ್ಬಸ್ ಎಂಬ ಪಾದ್ರಿ 'ಕ್ಯಾಥೊಲಿಕಾನ್' ಎಂಬ ಲ್ಯಾಟಿನ್ ನಿಘಂಟನ್ನು ಹೀಗೆ ಪೂರ್ತಿ ಅಕ್ಷರಕ್ರಮದಲ್ಲಿ ಮಾಡಿದ. ಎ ಮೊದಲು, ಬಿ ಆಮೇಲೆ, ಆದ್ದರಿಂದ 'ಆಮೊ' ಎಂಬ ಪದ 'ಬಿಬೊ'ಗಿಂತ ಮೊದಲು ಎಂದು ಉದಾಹರಣೆ ಸಹಿತ ವಿವರಿಸಿ, ತಾನು ಬಹಳ ಕಷ್ಟಪಟ್ಟು ಮಾಡಿದ ಈ ಕೆಲಸವನ್ನು ಓದುಗರು ಹಗುರವಾಗಿ ಕಾಣಬಾರದು ಎಂದು ಕೇಳಿಕೊಂಡ.

ಹೆಂಗಸರಿಗಾಗಿ ಬಂದ ಮೊದಲ ನಿಘಂಟು

ಬರೀ ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ಅಕ್ಷರಕ್ರಮದ ನಿಘಂಟು ಬಂದದ್ದು 1604ರಲ್ಲಿ. ಬರೆದವನು ರಾಬರ್ಟ್ ಕಾಡ್ರಿ. ಮೇಷ್ಟರಾಗಿದ್ದವನು, ಪಾದ್ರಿಯಾಗಿದ್ದವನು, ಚರ್ಚಿನ ವಿಧಿಗಳನ್ನು ಒಪ್ಪದೆ ತನ್ನ ಹುದ್ದೆ ಕಳೆದುಕೊಂಡವನು. ಸುಮಾರು ಎರಡೂವರೆ ಸಾವಿರ ಪದಗಳ ಪುಟ್ಟ ಪುಸ್ತಕ. ಅದರ ಮೊದಲ ಮುದ್ರಣದ ಒಂದೇ ಒಂದು ಪ್ರತಿ ಇಂದು ಉಳಿದಿದೆ, ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ.

ಆ ಪುಸ್ತಕ ಯಾರಿಗಾಗಿ ಎಂಬುದನ್ನು ಕಾಡ್ರಿ ಶೀರ್ಷಿಕೆಯ ಪುಟದಲ್ಲೇ ಹೇಳಿದ್ದಾನೆ: ಹೆಂಗಸರಿಗಾಗಿ ಮತ್ತು ಹೆಚ್ಚು ಓದು ಬರಹ ಇಲ್ಲದವರಿಗಾಗಿ. ಅಂದಿನ ಇಂಗ್ಲೆಂಡಿನಲ್ಲಿ ಲ್ಯಾಟಿನ್ ಕಲಿಸುವ ಶಾಲೆಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಆದರೆ ಚರ್ಚಿನ ಉಪದೇಶದಲ್ಲಿ, ಪುಸ್ತಕಗಳಲ್ಲಿ ಲ್ಯಾಟಿನ್ನಿನಿಂದ ಬಂದ ಕಠಿಣ ಪದಗಳು ಬಂದು ಬಂದು ಬೀಳುತ್ತಿದ್ದವು. ಕೇಳಿದರೆ ಹೇಳುವವರು ಯಾರು?

ಕಾಡ್ರಿ ಅವರಿಗೆ ಅರ್ಥ ಕೊಟ್ಟ. ಅರ್ಥ ಹುಡುಕುವ ದಾರಿಯನ್ನೂ ಕೈ ಹಿಡಿದು ತೋರಿಸಿದ. ಮೊದಲು ಅಕ್ಷರಮಾಲೆಯನ್ನು ಪುಸ್ತಕ ನೋಡದೆ ಹೇಳಲು ಕಲಿಯಬೇಕು. ಪದ ಎ ಅಕ್ಷರದಿಂದ ಶುರುವಾದರೆ ಪುಸ್ತಕದ ಮೊದಲಲ್ಲಿ ಹುಡುಕಬೇಕು, ವಿ ಅಕ್ಷರದಿಂದಾದರೆ ಕೊನೆಯ ಕಡೆಗೆ. ಸಿ, ಎ ಎಂಬ ಎರಡು ಅಕ್ಷರಗಳಿಂದ ಶುರುವಾದರೆ ಸಿ ವಿಭಾಗದ ಆರಂಭದಲ್ಲಿ, ಸಿ, ಯು ಆದರೆ ಅದೇ ವಿಭಾಗದ ಕೊನೆಯಲ್ಲಿ ನೋಡಬೇಕು ಎಂದು ಬರೆದ. ಇಷ್ಟು ಸಣ್ಣ ವಿಷಯವನ್ನೂ ಬಿಡಿಸಿ ಹೇಳಬೇಕಾಗಿತ್ತು ಎಂದರೆ ಅದು ಆಗ ಎಷ್ಟು ಹೊಸದಾಗಿತ್ತು ಎಂದು ಲೆಕ್ಕ ಹಾಕಿ.

ಕೇಳುಗರೇ, ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇಲ್ಲಿದೆ. ವಿಷಯಕ್ರಮದ ಕೋಶವನ್ನು ಬಳಸಬೇಕಾದರೆ ಲೋಕದ ವಿಷಯಗಳನ್ನು ವಿದ್ವಾಂಸರು ಹೇಗೆ ವಿಂಗಡಿಸಿದ್ದಾರೆ ಎಂಬುದು ಮೊದಲೇ ಗೊತ್ತಿರಬೇಕು. ಪದ್ಯದ ಕೋಶವಾದರೆ ಗುರುವಿನ ಮುಂದೆ ಕೂತು ಬಾಯಿಪಾಠ ಮಾಡಿರಬೇಕು. ಅಕ್ಷರಕ್ರಮ ಇದ್ಯಾವುದನ್ನೂ ಕೇಳುವುದಿಲ್ಲ. ನೀವು ಯಾರ ಶಿಷ್ಯರು, ಯಾವ ಕುಲದವರು, ಗಂಡೋ ಹೆಣ್ಣೋ ಎಂದು ವಿಚಾರಿಸುವುದಿಲ್ಲ. ಅಕ್ಷರಗಳ ಸಾಲು ಗೊತ್ತೇ? ಹಾಗಿದ್ದರೆ ಒಳಗೆ ಬನ್ನಿ ಎನ್ನುತ್ತದೆ. ಅರ್ಥದ ದೃಷ್ಟಿಯಿಂದ ಅದು ಕುರುಡು ಕ್ರಮವೇ. ಆದರೆ ಆ ಕುರುಡಿನಿಂದಲೇ ಅದು ಎಲ್ಲರಿಗೂ ಸಮಾನ.

'ಎ'ಯಿಂದ 'ಆಂಟ್' ವರೆಗೆ ಐದು ವರ್ಷ

ಬಾಗಿಲು ತೆರೆದಿಡುವುದು ಸುಲಭ, ಮನೆ ಕಟ್ಟುವುದು ಕಷ್ಟ. ಜಾನ್ಸನ್ 1746ರಲ್ಲಿ ಪುಸ್ತಕ ವ್ಯಾಪಾರಿಗಳೊಂದಿಗೆ ಒಪ್ಪಂದ ಮಾಡಿಕೊಂಡಾಗ ಮೂರು ವರ್ಷದಲ್ಲಿ ಮುಗಿಸುತ್ತೇನೆ ಎಂದಿದ್ದ, ಹಿಡಿದದ್ದು ಒಂಬತ್ತು. ಲಂಡನ್ನಿನ ಗಾಫ್ ಚೌಕದ ಮನೆಯ ಅಟ್ಟದಲ್ಲಿ ಆರು ಮಂದಿ ಸಹಾಯಕರನ್ನು ಕೂರಿಸಿಕೊಂಡು 42,773 ಪದಗಳನ್ನು ಸಿದ್ಧಪಡಿಸಿದ. ನಿಘಂಟು ಹೊರಬರುವ ಮೂರು ವರ್ಷ ಮೊದಲೇ, 1752ರಲ್ಲಿ, ಅವನ ಹೆಂಡತಿ ತೀರಿಕೊಂಡಿದ್ದಳು.

ಇದಕ್ಕಿಂತ ದೊಡ್ಡ ಸಾಹಸ ಆಕ್ಸ್‌ಫರ್ಡ್ ನಿಘಂಟಿನದು. 1857ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದಲ್ಲಿ ಇದರ ಮಾತು ಹುಟ್ಟಿತು. ಪ್ರತಿಯೊಂದು ಪದವೂ ಯಾವಾಗ ಹುಟ್ಟಿತು, ಅರ್ಥ ಹೇಗೆ ಬದಲಾಯಿತು ಎಂಬುದನ್ನು ಹಳೆಯ ಪುಸ್ತಕಗಳ ವಾಕ್ಯಗಳಿಂದಲೇ ತೋರಿಸಬೇಕು ಎಂಬುದು ಯೋಜನೆ. ದೇಶ ವಿದೇಶದ ನೂರಾರು ಓದುಗರು ಸಂಬಳವಿಲ್ಲದೆ ಓದಿ, ಪದ ಮತ್ತು ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳಿಸಿದರು. ಮೊದಲ ಸಂಪಾದಕ ಹರ್ಬರ್ಟ್ ಕೋಲ್ರಿಜ್ 1861ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ. 1879ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಜೇಮ್ಸ್ ಮರ್‍ರೆ ಎಂಬ ಶಾಲಾ ಮೇಷ್ಟರೊಂದಿಗೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿತು.

ಮರ್‍ರೆಯ ಮನೆಗೆ ಎರಡು ಟನ್ನಿನಷ್ಟು ಚೀಟಿಗಳು ಬಂದು ಇಳಿದವು. ಒಂದು ಚೀಲದಲ್ಲಿ ಇಲಿ ಮರಿ ಹಾಕಿತ್ತು. 'ಎಚ್' ಅಕ್ಷರದ ಚೀಟಿಗಳು ಇಟಲಿಯಲ್ಲಿ ಉಳಿದುಬಿಟ್ಟಿದ್ದವು. 'ಪಿ-ಎ' ಎಂದು ಶುರುವಾಗುವ ಪದಗಳ ಚೀಟಿಗಳಲ್ಲಿ ಅಳಿದುಳಿದವು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿ ಸಿಕ್ಕವು. ಮಿಕ್ಕವನ್ನು ಬೆಂಕಿ ಹೊತ್ತಿಸಲು ಬಳಸಿಯಾಗಿತ್ತು. ಮರ್‍ರೆ ಅಂಗಳದಲ್ಲಿ ಕಬ್ಬಿಣದ ಶೀಟಿನ ಒಂದು ಷೆಡ್ ಹಾಕಿಸಿ, ಗೋಡೆಗೆ ಸಾವಿರಕ್ಕೂ ಮೇಲ್ಪಟ್ಟು ಗೂಡುಗಳನ್ನು ಮಾಡಿಸಿ, ಚೀಟಿಗಳನ್ನು ಅಕ್ಷರಕ್ರಮದಲ್ಲಿ ಜೋಡಿಸತೊಡಗಿದ. ಅವನಿಗೆ ಹನ್ನೊಂದು ಮಕ್ಕಳು. ಅವರೂ ಕೈಖರ್ಚಿನ ಪುಡಿಗಾಸಿಗಾಗಿ ಕೂತು ಚೀಟಿ ಜೋಡಿಸುತ್ತಿದ್ದರು.

ಐದು ವರ್ಷ ದುಡಿದು 1884ರಲ್ಲಿ ಮೊದಲ ಸಂಚಿಕೆ ತಂದಾಗ ಅದು ಎಲ್ಲಿಗೆ ತಲುಪಿತ್ತು ಗೊತ್ತೇ? 'ಎ' ಇಂದ 'ಆಂಟ್', ಅಂದರೆ ಇರುವೆಯವರೆಗೆ! 352 ಪುಟ. ನಾವು ಸುತ್ತು ಹಾಕಿದ 'ಎ-ಎಲ್' ಓಣಿಯೂ ಅದರಲ್ಲೇ ಇದೆ.

ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಎಂಥೆಂಥವರಿದ್ದರು! ವಿಲಿಯಂ ಮೈನರ್ ಎಂಬ ಅಮೆರಿಕದ ಸೈನ್ಯದ ವೈದ್ಯ, ಬುದ್ಧಿಭ್ರಮಣೆಯಲ್ಲಿ 1872ರಲ್ಲಿ ಲಂಡನ್ನಿನಲ್ಲಿ ಒಬ್ಬನನ್ನು ಕೊಂದು ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಿ ಬಂದಿಯಾಗಿದ್ದವನು, ಅಲ್ಲಿಂದಲೇ ಸಾವಿರಾರು ಚೀಟಿಗಳನ್ನು ಕಳಿಸಿದ. ತಪ್ಪುಗಳೂ ಆದವು. ದಾಸಿ ಎಂಬ ಅರ್ಥದ 'ಬಾಂಡ್‌ಮೇಡ್' ಪದದ ಚೀಟಿಗಳು ಎಲ್ಲೋ ಸೇರಿಹೋಗಿ, ಆ ಭಾಗ ಅಚ್ಚಾದ ಮೇಲೆ ಸಿಕ್ಕವು. 'ಅಪೆಂಡಿಸೈಟಿಸ್' ಬರೀ ವೈದ್ಯರ ಪದವೆಂದು ಕೈಬಿಟ್ಟಿದ್ದರು. 1902ರಲ್ಲಿ ಅದೇ ಕಾಯಿಲೆಯಿಂದ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕವೇ ಮುಂದಕ್ಕೆ ಹೋಗಿ, ಆ ಪದ ಎಲ್ಲರ ಬಾಯಲ್ಲೂ ಬಂತು. ಎರಡೂ 1933ರ ಪುರವಣಿಯಲ್ಲಿ ಸೇರಿದವು.

ಮರ್‍ರೆ 1915ರ ಜುಲೈನಲ್ಲಿ 'ಟಿ' ಅಕ್ಷರದ ಕೆಲಸದಲ್ಲಿದ್ದಾಗ ತೀರಿಕೊಂಡ. ಹತ್ತು ವರ್ಷದ ಕೆಲಸ ಮುಗಿದದ್ದು 1928ರಲ್ಲಿ. 4,14,825 ಪದಗಳು, 18 ಲಕ್ಷಕ್ಕೂ ಹೆಚ್ಚು ಉದಾಹರಣೆಗಳು.

ನಮ್ಮ 'ಅಲ' ಓಣಿ

ಹಾಗಾದರೆ ನಮ್ಮ ಕನ್ನಡದ ಕಥೆ? ಜರ್ಮನಿಯಿಂದ 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಮೂಲಕ ಹೊರತಂದರು. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತು ಕನ್ನಡ-ಕನ್ನಡ ನಿಘಂಟಿನ ಕೆಲಸ ಕೈಗೊಂಡಿತು. ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅದರ ಪ್ರಧಾನ ಸಂಪಾದಕರಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ 107ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದರು.

ಕನ್ನಡ ನಿಘಂಟೂ ಅಕ್ಷರಕ್ರಮದ್ದೇ. ಆದರೆ ಒಂದು ವ್ಯತ್ಯಾಸವಿದೆ. ಇಂಗ್ಲಿಷಿನ ಅಕ್ಷರಗಳ ಸಾಲಿಗೆ ಕಾರಣ ಕೇಳಿದರೆ ಉತ್ತರವಿಲ್ಲ ಎಂದೆವಲ್ಲ? ನಮ್ಮ ಸಾಲಿಗೆ ಉತ್ತರವಿದೆ. ಮೊದಲು ಸ್ವರ, ಆಮೇಲೆ ವ್ಯಂಜನ. 'ಕ' ಗಂಟಲ ಹತ್ತಿರ, 'ಚ' ಅಂಗುಳಲ್ಲಿ, 'ಟ' ನಾಲಿಗೆ ಮಡಿಸಿ, 'ತ' ಹಲ್ಲಿನಲ್ಲಿ, 'ಪ' ತುಟಿಯಲ್ಲಿ. ಒಳಗಿನಿಂದ ಹೊರಗೆ ಬರುವ ದಾರಿ ಅದು. ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ನಿಮ್ಮ ಬಾಯೇ ಸಾಕ್ಷಿ ಹೇಳುತ್ತದೆ.

ಈಗ ಕನ್ನಡ ನಿಘಂಟಿನ 'ಅಲ' ಓಣಿಗೆ ಬನ್ನಿ. ಅಲಗು, ಅಲಮಾರು, ಅಲರು, ಅಲಸಂದೆ, ಸ್ವಲ್ಪ ಮುಂದೆ ಅಲೆ, ಅಲೆಮಾರಿ, ಅಲ್ಪ, ಅಲ್ಲ. ಕತ್ತಿಯ ಅಲಗಿನ ಪಕ್ಕ ಪೋರ್ಚುಗೀಸರ ಅಲಮಾರು, ಅದರ ಪಕ್ಕ ಹಳಗನ್ನಡದ ಹೂವು, ಅದರಾಚೆ ನಮ್ಮ ಅಡಿಗೆಮನೆಯ ಅಲಸಂದೆ. ನೋಡಿದಿರಾ, ಇಂಗ್ಲಿಷಿನ 'ಎ-ಎಲ್' ಓಣಿಯಲ್ಲಿ ಕಂಡ ಅದೇ ಅಲಮಾರು ಇಲ್ಲಿಯೂ ಒಂದು ಮನೆ ಮಾಡಿದೆ. ಎರಡು ಊರಿನಲ್ಲಿ ಮನೆ ಇರುವ ನಮ್ಮಂಥವರ ಹಾಗೆ!

ಇಷ್ಟೆಲ್ಲ ಹೇಳಲು ಕಾರಣವಿದೆ. ಆ ದಿನ ಮೊಮ್ಮಗಳಿಗೆ ಕನ್ನಡ ನಿಘಂಟನ್ನು ಕೊಟ್ಟು ಅಲಮಾರು ಹುಡುಕು ಎಂದೆ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ. ಆದರೆ ಪುಸ್ತಕ ಹಿಡಿದು ಸುಮ್ಮನೆ ಕುಳಿತಳು. "ಎಲ್ಲಿಂದ ಶುರು ಮಾಡಲಿ ಅಜ್ಜಾ?" ಎಂದಳು. 1604ರಲ್ಲಿ ಕಾಡ್ರಿಯ ಪುಸ್ತಕ ಹಿಡಿದ ಹೆಣ್ಣುಮಗಳ ಸ್ಥಿತಿಯಲ್ಲೇ ಅವಳಿದ್ದಳು. ಮಾತು ಗೊತ್ತು, ಬಾಗಿಲು ಗೊತ್ತಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳು ಹೀಗಿದ್ದಾರೆ ಎಂಬುದು ನಿಮಗೆ ಗೊತ್ತೇ ಇದೆ. ಅಜ್ಜ ಅಜ್ಜಿ ಇರುವವರೆಗೆ ಕೇಳಿ ತಿಳಿದುಕೊಳ್ಳುತ್ತಾರೆ. ಆಮೇಲೆ?

ಆದರೆ ನಿರಾಶರಾಗಬೇಡಿ. ಮುಂಬಯಿ, ಪುಣೆ, ದೆಹಲಿಯ ಮಕ್ಕಳು ಶಾಲೆಯಲ್ಲಿ ಕಲಿತ ಮರಾಠಿ, ಹಿಂದಿಯ ವರ್ಣಮಾಲೆಯೂ ಸ್ವರದಿಂದ ಹೊರಟು, 'ಕ'ದಿಂದ 'ಪ'ದ ಕಡೆಗೇ ನಡೆಯುತ್ತದೆ. ಹೈದರಾಬಾದಿನ ತೆಲುಗಿನದು ಇನ್ನೂ ಹತ್ತಿರ. ತಮಿಳಿನಲ್ಲಿ ಅಕ್ಷರ ಕಡಿಮೆ, ದಾರಿ ಅದೇ. ಎಂದರೆ ಕನ್ನಡ ನಿಘಂಟಿನ ಬಾಗಿಲಿನ ಚಾವಿ ಮಕ್ಕಳ ಕೈಯಲ್ಲಿ ಆಗಲೇ ಇದೆ. ಅಕ್ಷರದ ಆಕಾರ ಗುರುತಿಸುವುದಷ್ಟೇ ಬಾಕಿ. ಅದನ್ನು ಕಲಿಸುವುದಕ್ಕೆ ಒಂದು ಬೇಸಿಗೆ ರಜೆ ಸಾಕು.

ನಮ್ಮ ಮನೆಯಲ್ಲಿ ಶುರುವಾಗಿದೆ. ಮೊಮ್ಮಗಳು ದಿನಕ್ಕೊಂದು ಪದ ಹುಡುಕಬೇಕು, ಜೊತೆಗೆ ಅದರ ಮೇಲಿನ ಮನೆ, ಕೆಳಗಿನ ಮನೆಯವರನ್ನೂ ಮಾತಾಡಿಸಿಕೊಂಡು ಬರಬೇಕು ಎಂದು ಕರಾರು. ಮೊಬೈಲಿನಲ್ಲಿ ಹುಡುಕಿದರೆ ಕೇಳಿದ ಪದ ಮಾತ್ರ ಸಿಗುತ್ತದೆ, ನೆರೆಹೊರೆ ಸಿಗುವುದಿಲ್ಲ. ಮೊನ್ನೆ ಅವಳು ಹುಡುಕಿದ್ದು ಅಲೆಮಾರಿ. "ಅಜ್ಜಾ, ಅಲೆ ಅಂತ ಪದ ಇದರ ಮೇಲೇ ಇದೆ. ಇವೆರಡಕ್ಕೆ ಸಂಬಂಧ ಇದೆಯಾ, ಬರೀ ಅಕ್ಷರ ಒಂದೇನಾ?" ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಇಬ್ಬರೂ ಕೂತು ನೋಡುತ್ತಿದ್ದೇವೆ. ನಿಮ್ಮ ಮನೆಯ ನಿಘಂಟನ್ನೂ ಅಲಮಾರಿನಿಂದ ಇಳಿಸಿ, ಧೂಳು ಕೊಡವಿ.